ಅಮೆರಿಕದಲ್ಲಿರುವ ಮಕ್ಕಳಿಗೆ ಇದನ್ನೂ ಹೇಳಿ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಜಾಸ್ತಿ. ಚಳಿಗಾಲ ಬಂದರೆ ಫೋನಿನಲ್ಲಿ ಸ್ವೆಟರ್ ಹಾಕ್ಕೋ ಅನ್ನುತ್ತೇವೆ, ಅಷ್ಟಕ್ಕೇ ಬಿಡುತ್ತೇವೆ. ಅದು ಸಾಲದು.

2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಆದದ್ದು ನೆನಪಿದೆ ಅಲ್ವಾ? ಸೆಕೆಗೆ ಹೆಸರಾದ ಆ ರಾಜ್ಯದಲ್ಲಿ ವಿಪರೀತ ಚಳಿ, ಹಿಮ ಬಿದ್ದು, ಕರೆಂಟ್ ತಯಾರಿಸಲು ಬೇಕಾದ ಗ್ಯಾಸ್ ಪೂರೈಕೆಯೇ ಹೆಪ್ಪುಗಟ್ಟಿ, ವಿದ್ಯುತ್ ಸ್ಥಾವರಗಳು ನಿಂತು, 40 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಹೋಯಿತು. ಅವರ ಗ್ರಿಡ್, ಅಂದರೆ ವಿದ್ಯುತ್ ಜಾಲ, ಬಹುಪಾಲು ಪ್ರತ್ಯೇಕವಾದ್ದರಿಂದ ಪಕ್ಕದ ರಾಜ್ಯಗಳಿಂದ ಹೆಚ್ಚು ತರಿಸಿಕೊಳ್ಳಲೂ ಆಗಲಿಲ್ಲ. ಒಳಗಿನ ನೀರು ಹೆಪ್ಪುಗಟ್ಟಿ ಪೈಪುಗಳು ಒಡೆದವು. ಬಂದ ನೀರನ್ನೂ ಕುದಿಸಿ ಕುಡಿಯಿರಿ ಎಂದರು, ಕುದಿಸಲು ಕರೆಂಟೇ ಇಲ್ಲ! ಸರ್ಕಾರದ ಲೆಕ್ಕದಲ್ಲೇ ಸತ್ತವರು 246 ಜನ. ಬೆಚ್ಚಗಿರಲೆಂದು ಮನೆಯೊಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಲಿಯಾದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮಲ್ಲೂ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕುವವರಿದ್ದಾರೆ, ದಯವಿಟ್ಟು ಬೇಡ.

ಮಕ್ಕಳಿಗೆ ಹೇಳಿ: ಹಿಮದ ಮುನ್ಸೂಚನೆ ಬಂದ ಕೂಡಲೇ ಕುಡಿಯುವ ನೀರು ಹಿಡಿದಿಡಲಿ, ಟಾಯ್ಲೆಟ್‌ಗೆಂದು ಬಾತ್‌ಟಬ್ ತುಂಬಿಕೊಳ್ಳಲಿ, ಪೈಪಿನಲ್ಲಿ ನೀರು ಹೆಪ್ಪುಗಟ್ಟದಂತೆ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಲಿ, ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಲಿ, ಏಕೆಂದರೆ ಪೈಪ್ ಒಡೆದ ಮೇಲೆ ಹುಡುಕುತ್ತಾ ಕೂತರೆ ಮನೆಯೆಲ್ಲಾ ನೀರು. ಕರೆಂಟ್ ಹೋದರೆ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಲಿ. ಅಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯೂ ಕರೆಂಟಿನದ್ದೇ, ಹಾಗಾಗಿ ಅವಲಕ್ಕಿ, ಹುರಿಗಡಲೆ ಡಬ್ಬಿಯಲ್ಲಿರಲಿ.

ಡಿಸೆಂಬರ್ ಶುರುವಿಗೇ ನೀವು ಇದನ್ನೆಲ್ಲಾ ಪತ್ರಿಕೆಯಲ್ಲಿ ಹಾಕಿದರೆ ನಮ್ಮಂಥ ಅಪ್ಪ-ಅಮ್ಮಂದಿರು ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ.

— ಓದುಗ, ಕುವೆಂಪುನಗರ, ಮೈಸೂರು