ಶ್ರೀಲಂಕಾದಿಂದ ಮರಳಿದ ಯೋಧರನ್ನೂ ವೇದಿಕೆಗೆ ಕರೆಯಿರಿ

ಮಾನ್ಯ ಸಂಪಾದಕರೇ,

ಜುಲೈ 26ರಂದು ನಮ್ಮ ರಾಯಚೂರು ಜಿಲ್ಲೆಯ ಶಾಲೆ, ಕಾಲೇಜುಗಳಲ್ಲಿ ಕಾರ್ಗಿಲ್ ವಿಜಯ ದಿವಸವನ್ನು ಆಚರಿಸಿ ಮಾಜಿ ಸೈನಿಕರನ್ನು ಸನ್ಮಾನಿಸುವುದು ಸಂತೋಷದ ಸಂಗತಿ. ಆದರೆ ಅದಾದ ಮೂರೇ ದಿನಕ್ಕೆ ಬರುವ ಜುಲೈ 29 ಯಾರ ನೆನಪಿಗೂ ಬರುವುದಿಲ್ಲ. 1987ರ ಆ ದಿನ ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಸಹಿ ಮಾಡಿದ ಒಪ್ಪಂದದ ಮೇರೆಗೆ ಭಾರತೀಯ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಅಲ್ಲಿನ ತಮಿಳು ಬಂಡುಕೋರರಿಂದ ಶಸ್ತ್ರ ಒಪ್ಪಿಸಿಕೊಳ್ಳಲೆಂದು ಹೋದವರು ಅಕ್ಟೋಬರ್ ವೇಳೆಗೆ ಉತ್ತರ ಶ್ರೀಲಂಕಾದ ಜಾಫ್ನಾದ ಬೀದಿಗಳಲ್ಲಿ ಆ ಬಂಡುಕೋರರ ಪ್ರಮುಖ ಸಂಘಟನೆಯಾದ ಎಲ್‌ಟಿಟಿಇ ವಿರುದ್ಧ ಯುದ್ಧಕ್ಕೇ ನಿಲ್ಲಬೇಕಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗು ಹತ್ತುವಷ್ಟರಲ್ಲಿ ಸುಮಾರು 1,200 ಸೈನಿಕರು ಪ್ರಾಣ ತೆತ್ತಿದ್ದರು. ಮದ್ರಾಸಿಗೆ ಬಂದಿಳಿದವರನ್ನು ಸ್ವಾಗತಿಸಲು ಆಗಿನ ತಮಿಳುನಾಡು ಮುಖ್ಯಮಂತ್ರಿ ಎಂ. ಕರುಣಾನಿಧಿ ಹೋಗಲಿಲ್ಲ, ದಿಲ್ಲಿಯಲ್ಲಿ ಅವರನ್ನು ಕಳಿಸಿದ್ದ ಸರ್ಕಾರವೂ ಅಷ್ಟರಲ್ಲಿ ಬದಲಾಗಿತ್ತು. ಆ ನೀತಿ ಸರಿಯೋ ತಪ್ಪೋ ಎಂಬ ಚರ್ಚೆ ರಾಜಕಾರಣಿಗಳಿಗೆ ಬಿಟ್ಟದ್ದು, ಅದನ್ನು ಸಿಪಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಮ್ಮ ಓಣಿಯಲ್ಲೇ ಅಂಥವರೊಬ್ಬರಿದ್ದಾರೆ. ನೆಲಬಾಂಬುಗಳನ್ನು ಹುಡುಕಿ ತೆಗೆಯುವ ಕೆಲಸದಲ್ಲಿದ್ದ ಅವರು ಊರಿಗೆ ಮರಳಿದ ಮೇಲೂ ಬಹುಕಾಲ ಹೊಲದ ಬದುವಿನ ಮೇಲೆ, ಹೊಸದಾಗಿ ಅಗೆದ ಮಣ್ಣಿನ ಮೇಲೆ ಕಾಲಿಡದೆ ಸುತ್ತು ಬಳಸಿ ರಸ್ತೆಯಲ್ಲೇ ಹೋಗುತ್ತಿದ್ದರಂತೆ. ಇದನ್ನು ಕಂಡು ಮಂದಿ ನಕ್ಕದ್ದುಂಟು. ನಲವತ್ತು ತುಂಬುವ ಮೊದಲೇ ನಿವೃತ್ತಿ, ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕಾವಲು, ಜೊತೆಗೆ ಕಾಲುವೆಯ ಕೊನೆ ಭಾಗದ, ನೀರು ಬಂದರೆ ಬಂತು ಎನ್ನುವಂಥ ಒಂದಿಷ್ಟು ಭತ್ತದ ಗದ್ದೆ. ಪಿಂಚಣಿ ಬರುತ್ತದೆ, ಅದರ ಬಗ್ಗೆ ಅವರದು ದೂರಿಲ್ಲ. ಆದರೆ ಕಳೆದ ಸಮಾರಂಭವೊಂದರಲ್ಲಿ ನಿರೂಪಕರು ‘ನೀವು ಕಾರ್ಗಿಲ್‌ನಲ್ಲಿ ಇದ್ದಿರಾ’ ಎಂದು ಕೇಳಿ, ಇಲ್ಲವೆಂದಾಗ ಅವರನ್ನು ಕೆಳಗೇ ಕೂರಿಸಿದರು.

ಆ ಪಡೆಯಲ್ಲಿದ್ದವರು ಈಗ ಅರವತ್ತರ ಆಸುಪಾಸಿನಲ್ಲಿ, ಕೆಲವರು ಅದನ್ನೂ ದಾಟಿ ಇದ್ದಾರೆ. ಮಡಿದ ಭಾರತೀಯ ಯೋಧರಿಗೆ ಕೊಲಂಬೊ ಬಳಿ ಸ್ಮಾರಕವಿದೆ. ಅವರೊಂದಿಗೆ ಹೋರಾಡಿ ಬದುಕಿ ಬಂದವರ ಪಟ್ಟಿಯಾದರೂ ನಮ್ಮ ತಾಲ್ಲೂಕುಗಳಲ್ಲಿ ಸಿಗುವಂತಾಗಬೇಕು. ಸೈನಿಕ ಕಲ್ಯಾಣ ಇಲಾಖೆ ತನ್ನ ದಾಖಲೆಗಳಿಂದ ಅಂಥವರನ್ನು ಗುರುತಿಸಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ನೆರವಿನಿಂದ ಅವರ ಅನುಭವಗಳನ್ನು ಅವರದೇ ಧ್ವನಿಯಲ್ಲಿ ದಾಖಲಿಸಲಿ. ಬರುವ ಜುಲೈ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಅಚ್ಚಾಗುವ ಮುನ್ನವೇ ಜಿಲ್ಲಾಡಳಿತ ಈ ಬಗ್ಗೆ ಸೂಚನೆ ಹೊರಡಿಸಬೇಕೆಂದು ವಿನಂತಿ.

– ನಿವೃತ್ತ ಶಿಕ್ಷಕ, ಸಿಂಧನೂರು