ಬಾಣಂತನ ಮಾಡುವ ಮರ

ಮಾದಾಪುರ
ಜುಲೈ ಕೊನೆಯ ಭಾನುವಾರ

ಪ್ರೀತಿಯ ಪುಟ್ಟಿ,

ಕರೆಂಟ್ ಹೋಗಿ ನಾಲ್ಕು ದಿನ ಆಯಿತು. ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಯಿತು. ನಿಮ್ಮಪ್ಪ ಕೊಡೆ ಹಿಡಿದು ಕಣದ ಮೂಲೆಗೆ ಹೋಗಿ, ಒಂದು ಕಡ್ಡಿ ಬಂತು ಬಾ ಅಂತ ಕೂಗುತ್ತಾರೆ. ನಾನು ಸೆರಗು ಸುತ್ತಿಕೊಂಡು ಓಡುವಷ್ಟರಲ್ಲಿ ಆ ಕಡ್ಡಿಯೂ ಇರುವುದಿಲ್ಲ. ಅದಕ್ಕೇ ಈ ಪತ್ರ. ಪೇಟೆಗೆ ಹೋದಾಗ ಫೋಟೊ ತೆಗೆದು ಕಳಿಸುತ್ತೇನೆ. ಅಕ್ಷರ ದೊಡ್ಡದು ಮಾಡಿಕೊಂಡು ಓದು.

ಆಟಿ ಮಳೆ ಈ ವರ್ಷ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ನಿಮ್ಮಪ್ಪನ ಮಳೆ ಪುಸ್ತಕ ಗೊತ್ತಲ್ಲ, ದಿನಾ ಬೆಳಗ್ಗೆ ನೀರು ಅಳೆದು ಇಂಚಿನ ಲೆಕ್ಕ ಬರೆಯುವುದು. ಮೊನ್ನೆ ಒಂದೇ ದಿನಕ್ಕೆ ಏಳು ಇಂಚು. ಅಮೆರಿಕದಲ್ಲಿ ಪುಟ್ಟಿಯ ಫೀನಿಕ್ಸಿನಲ್ಲಿ ವರ್ಷಕ್ಕೆ ಬೀಳುವುದೇ ಇಷ್ಟು, ಏಳೆಂಟು ಇಂಚು ಅಂದೆ. "ವರ್ಷಕ್ಕಾ, ವಾರಕ್ಕಾ?" ಅಂತ ಎರಡು ಸಲ ಕೇಳಿದರು. ನೂರು ಇಂಚು ದಾಟದಿದ್ದರೆ ಮಳೆಯೇ ಆಗಿಲ್ಲ ಅನ್ನುವ ಮನುಷ್ಯ, ಅವರಿಗೆ ಹೇಗೆ ನಂಬಿಸಲಿ?

ಒಂದು ಕೆಟ್ಟ ಸುದ್ದಿ. ಬಂದ ಹೊಸದರಲ್ಲಿ ಕುಶಾಲನಗರದಿಂದ ಒಂದು ಉಂಡೆ ಕಳ್ಳಿ ತಂದಿದ್ದೆನಲ್ಲ, ವೀಡಿಯೊದಲ್ಲಿ ತೋರಿಸಿದ್ದೆ, ಅದು ಸತ್ತಿತು. ಜಗಲಿಯ ತುದಿಯಲ್ಲಿ ಎರಚಲು ಬೀಳುವ ಕಡೆ ಇಟ್ಟಿದ್ದೆ. ಮೇಲಿಂದ ನೋಡಿದರೆ ಹಸಿರಾಗಿ ಗಟ್ಟಿಯಾಗಿಯೇ ಇತ್ತು. ಮೊನ್ನೆ ಕುಂಡ ಸರಿಸೋಣ ಅಂತ ಕೈ ಹಾಕಿದರೆ ಬುಡದಿಂದ ಕಳಚಿ ಕೈಗೆ ಬಂತು. ಒಳಗೆಲ್ಲ ಕೊಳೆತ ಸೌತೆಕಾಯಿಯ ಹಾಗೆ ಲೊಳಲೊಳ. "ಕಾಫಿಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆದಾಗ ಇದಕ್ಕೂ ಒಂದು ಸುತ್ತು ಹೊಡೆಯಬೇಕಿತ್ತು" ಅಂತ ನಿಮ್ಮಪ್ಪ ನಕ್ಕರು. ತಪ್ಪು ನನ್ನದೇ. ನಿನ್ನ ಹತ್ತಿರ ಆರು ತಿಂಗಳು ಇದ್ದು, ಡೆಸರ್ಟ್ ಬೊಟಾನಿಕಲ್ ಗಾರ್ಡನ್ ಅನ್ನುವ ಆ ಮರುಭೂಮಿ ತೋಟಕ್ಕೆ ಮೂರು ಸಲ ಹೋಗಿ ಬಂದು, ಕಳ್ಳಿಗೆ ನೀರು ಜಾಸ್ತಿಯಾದರೆ ಏನಾಗುತ್ತದೆ ಅಂತ ಕಲಿಯಲಿಲ್ಲ ಅಂದರೆ!

ಆ ಕುಂಡ ತೊಳೆಯುತ್ತಾ ತೋಟದ್ದೇ ಯೋಚನೆ. ಮೊದಲ ಸಲ ಹೋದಾಗ ಅಕ್ಟೋಬರ್, ನಿನಗೆ ದಿನ ತುಂಬಿತ್ತು. ಡಾಕ್ಟರ್ ನಡೆಯಲು ಹೇಳಿದ್ದಾರೆ ಅಂತ ನೀನು ಹೊರಟೆ, ನಾನು ಗೊಣಗುತ್ತಾ ಹಿಂದೆ ಬಂದೆ. ತೋಟ ಅಂದರೆ ನನಗೆ ಲಾಲ್‌ಬಾಗ್, ತಪ್ಪಿದರೆ ನಮ್ಮ ರಾಜಾಸೀಟಿನ ಫಲಪುಷ್ಪ ಪ್ರದರ್ಶನ. ಇಲ್ಲಿ ಬಾಗಿಲಲ್ಲೇ ಮೋಸ ಹೋದೆ. ಹಸಿರು ಮುಳ್ಳುಗಳ ಎತ್ತರದ ಗೋಪುರಗಳು, ಬಿಸಿಲಿಗೆ ಥಳಥಳ. ಇದ್ಯಾವ ಜಾತಿ ಕತ್ತಾಳೆ, ಇಷ್ಟು ಹೊಳೆಯುತ್ತದಲ್ಲ ಅಂದೆ. "ಅಮ್ಮಾ, ಅದು ಗಾಜು" ಅಂತ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗಬೇಡ, ಈಗಲೇ ಹೆರಿಗೆಯಾದೀತು ಅಂತ ನನಗೆ ಗಾಬರಿ. 2008ರಲ್ಲಿ ಚಿಹುಲಿ ಅನ್ನುವ ಗಾಜಿನ ಕಲಾವಿದನ ಪ್ರದರ್ಶನ ನಡೆದ ಮೇಲೆ ಅದು ಅಲ್ಲೇ ಉಳಿದುಕೊಂಡಿತಂತೆ. ಪಕ್ಕದ ನಿಜವಾದ ಕತ್ತಾಳೆಗಳನ್ನು ಆಮೇಲೆ ನೋಡಿದೆ. ಬೂದಿ ಬಣ್ಣದ್ದು, ನೀಲಿ ಬಣ್ಣದ್ದು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದ್ದು. ನಮ್ಮ ಬೇಲಿಯ ಕತ್ತಾಳೆಯ ಮೂಲವೂ ಆ ಕಡೆಯೇ, ಮೆಕ್ಸಿಕೊ ಅಂತ ಅವತ್ತೇ ಗೊತ್ತಾಗಿದ್ದು. ಚಿಕ್ಕವಳಿದ್ದಾಗ ನೀನು ಅದರ ಎಲೆಯ ಮೇಲೆ ಹೆಸರು ಕೆತ್ತಿ ಬೈಸಿಕೊಂಡಿದ್ದೆ, ನೆನಪಿದೆಯಾ?

ಅವತ್ತು ಚಿಟ್ಟೆಮನೆ ತೆರೆದಿದ್ದರು. ಶರತ್ಕಾಲಕ್ಕೆ ಮೊನಾರ್ಕ್, ವಸಂತಕ್ಕೆ ಬೇರೆ ಬೇರೆ ಚಿಟ್ಟೆ, ಹೀಗೆ ಕಾಲಕ್ಕೊಂದು. ಮೊನಾರ್ಕ್ ಮೊಟ್ಟೆ ಇಡುವುದು ಹಾಲಿನ ಗಿಡಗಳ ಮೇಲೆ ಮಾತ್ರ ಅಂತ ನೀನು ಬೋರ್ಡ್ ತೋರಿಸಿ ಹೇಳಿದೆ. ಗಿಡ ನೋಡಿದರೆ ನಮ್ಮ ಎಕ್ಕದ ಸಂಬಂಧಿಕನೇ! ಎಕ್ಕದ ಮೇಲೂ ಅಂಥದ್ದೇ ಕೇಸರಿ ಚಿಟ್ಟೆ ಬರುತ್ತದಲ್ಲ. ಹೊರಗೆ ಬರುವಾಗ ನನ್ನ ತುರುಬಿನ ಮೇಲೆ ಒಂದು ಕೂತೇ ಇತ್ತು. ಬಾಗಿಲಲ್ಲಿದ್ದ ಹುಡುಗ ಅದನ್ನು ಮೆಲ್ಲಗೆ ಬೆರಳಿಗೆ ಹತ್ತಿಸಿಕೊಂಡು ಒಳಗೆ ಬಿಟ್ಟ.

ಎರಡನೇ ಸಲ ಡಿಸೆಂಬರ್. ನಲವತ್ತು ದಿನ ಆಗದೆ ಬಾಣಂತಿ ಹೊಸ್ತಿಲು ದಾಟಬಾರದು ಅಂತ ನಾನು, ತೋಟದ ದೀಪೋತ್ಸವಕ್ಕೆ ಟಿಕೆಟ್ ಆಗಲೇ ಬುಕ್ ಮಾಡಿದ್ದೀನಿ ಅಂತ ನೀನು. ನಲವತ್ತೆರಡನೇ ದಿನಕ್ಕೆ ರಾಜಿಯಾಯಿತು. ಪಾಪುವನ್ನು ಅಳಿಯಂದಿರ ಎದೆಗೆ ಕಟ್ಟಿ, ಅದರ ಮೇಲೆ ನನ್ನ ಶಾಲು. ದಾರಿಯ ಎರಡೂ ಕಡೆ ಕಾಗದದ ಚೀಲ, ಚೀಲದಲ್ಲಿ ಒಂದು ಹಿಡಿ ಮರಳು, ಮರಳಿನ ಮೇಲೆ ಮೇಣದ ಬತ್ತಿ. ಅಂಥದ್ದು ಸುಮಾರು 8,000! 1978ರಿಂದ ನಡೆಸಿಕೊಂಡು ಬಂದಿದ್ದಾರಂತೆ. ನಮ್ಮ ಓಂಕಾರೇಶ್ವರನ ಕಾರ್ತಿಕ ದೀಪ ನೆನಪಾಗಿ ಕೈ ತಾನಾಗಿ ಮುಗಿಯಿತು. ಮುಂದಿದ್ದ ಅಜ್ಜ ನನ್ನನ್ನು ನೋಡಿ ತಾನೂ ಕೈ ಮುಗಿದ.

ಮೂರನೇ ಸಲದ್ದೇ ನಿನಗೆ ಬರೆಯಬೇಕಾದ್ದು.

ಮಾರ್ಚ್, ನಾನು ಹೊರಡುವ ಹಿಂದಿನ ವಾರ. ನೆಲದ ತುಂಬ ಹಳದಿ, ಕೇಸರಿ ಕಾಡುಹೂ. ಸಣ್ಣ ಗಾಡಿಯಲ್ಲಿ ಏನೇನೋ ಇಟ್ಟುಕೊಂಡು, ಮುಟ್ಟಿ ನೋಡಿ ಅಂತ ಕರೆಯುತ್ತಿದ್ದಳಲ್ಲ, ಆ ಬಿಳಿ ಕೂದಲಿನ ಹೆಂಗಸು. ಸಂಬಳ ಇಲ್ಲದೆ ಸುಮ್ನೆ ಪ್ರೀತಿಗೆ ಮಾಡುವ ಕೆಲಸ. ನಿನಗಿಂತ ನನ್ನ ಹತ್ತಿರವೇ ಜಾಸ್ತಿ ಮಾತಾಡಿದಳು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ನೀನು ಹೇಳಿದೆ. ಈ ತೋಟ 1939ರಲ್ಲಿ ತೆರೆದದ್ದಂತೆ. ಅದಕ್ಕೂ ಮೊದಲು ಸ್ಟಾರ್ಕ್ ಅನ್ನುವ ಸ್ವೀಡನ್ ಕಡೆಯ ಒಬ್ಬರು ‘ಮರುಭೂಮಿ ಉಳಿಸಿ’ ಅಂತ ಬೋರ್ಡ್ ಬರೆದು, ತಮ್ಮ ಮನೆಯ ಕಡೆ ಬಾಣದ ಗುರುತು ಹಾಕಿ ನಿಲ್ಲಿಸಿದರಂತೆ, ತಮ್ಮಂಥವರು ಯಾರಾದರೂ ಇದ್ದರೆ ಬರಲಿ ಅಂತ. ನನಗೆ ನಗು ಬಂತು. ಕಾಡು ಉಳಿಸಿ ಅನ್ನುವುದು ಕೇಳಿದ್ದೇನೆ. ಮರಳು, ಮುಳ್ಳನ್ನು ಯಾರು ಕದಿಯುತ್ತಾರೆ?

ಆಮೇಲೆ ಸವಾರೊ ತೋರಿಸಿದಳು, ಕೈ ಚಾಚಿ ನಿಲ್ಲುವ ಆ ಎತ್ತರದ ಕಳ್ಳಿ. ಬೋರ್ಡಿನಲ್ಲಿ ಒಂದು ಥರ ಬರೆದಿದೆ, ಬಾಯಲ್ಲಿ ಸವಾರೊ. ಕುದುರೆ ಇಲ್ಲದ ಸವಾರನ ಹಾಗೆಯೇ ಇದೆ ಅಂದುಕೊಂಡೆ. ಮೈ ತುಂಬ ನೆರಿಗೆ, ಸೀರೆಯ ನೆರಿಗೆಯ ಹಾಗೆ. ಮಳೆ ಬಂದಾಗ ನೀರು ಕುಡಿದು ನೆರಿಗೆ ಬಿಚ್ಚಿಕೊಳ್ಳುತ್ತದೆ, ಬರಗಾಲದಲ್ಲಿ ಮತ್ತೆ ಮಡಚಿಕೊಳ್ಳುತ್ತದೆ. ಮೊದಲ ಕೈ ಮೂಡಲು ಐವತ್ತು ವರ್ಷವಾದರೂ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಮರಕುಟಿಗ ತೂತು ಕೊರೆದರೆ ಗಿಡ ಆ ತೂತಿಗೆ ಒಳಗಿಂದ ಗಟ್ಟಿ ಗೋಡೆ ಕಟ್ಟಿಕೊಳ್ಳುತ್ತದೆ. ಗಿಡ ಸತ್ತು ತಿರುಳೆಲ್ಲ ಹೋದ ಮೇಲೂ ಆ ಗೂಡು ಬೂಟಿನ ಆಕಾರದಲ್ಲಿ ಉಳಿಯುತ್ತದೆ. ಒಂದನ್ನು ನನ್ನ ಕೈಗೆ ಕೊಟ್ಟಳು. ಹಗುರ, ಹೊರಗೆ ಒರಟು, ಒಳಗೆ ಬೆರಳಾಡಿಸಿದರೆ ಹಳೆಯ ಸೋರೆ ಬುರುಡೆಯ ಹಾಗೆ ನುಣುಪು.

ಕೊನೆಗೆ ಒಂದು ಮರದ ಕೆಳಗೆ ಬಗ್ಗಿಸಿದಳು. ಪಾಲೋ ವರ್ಡೆ, ಅಂದರೆ ಸ್ಪ್ಯಾನಿಷ್‌ನಲ್ಲಿ ಹಸಿರು ಕೋಲು. ಎಲೆ ಇದ್ದರೂ ಇಲ್ಲದಿದ್ದರೂ ತೊಗಟೆಯಿಂದಲೇ ಅನ್ನ ಮಾಡಿಕೊಳ್ಳುವ ಮರ. ಅದರ ಬುಡದಲ್ಲಿ ನನ್ನ ಕಿರುಬೆರಳಿನಷ್ಟು ಎತ್ತರದ ಒಂದು ಸವಾರೊ ಮರಿ. ಇದಕ್ಕೆ ಎಷ್ಟು ವಯಸ್ಸು ಹೇಳಿ ಅಂದಳು. ನಾನು ಆರು ತಿಂಗಳು ಅಂದೆ. ಎಂಟು ವರ್ಷಕ್ಕೆ ಒಂದೂವರೆ ಇಂಚು ಬೆಳೆದರೆ ದೊಡ್ಡದಂತೆ! ಬಯಲಲ್ಲಿ ಬಿದ್ದ ಬೀಜ ಬಿಸಿಲಿಗೆ ಸುಟ್ಟೇ ಹೋಗುತ್ತದೆ. ಇಂಥ ಮರದ ನೆರಳು ಸಿಕ್ಕಿದ್ದು ಮಾತ್ರ ಉಳಿಯುತ್ತದೆ. ಬೇಸಿಗೆಯಲ್ಲಿ ಬಿಸಿಲು ತಡೆದು, ಚಳಿಯಲ್ಲಿ ಹಿಮ ತಡೆದು ಮರ ಕಾಯುತ್ತದೆ. ನಮ್ಮ ಕಾಫಿಗೆ ಹಾಲುವಾಣ ಇದ್ದ ಹಾಗೆ ಅಂದೆ. ಆಕೆ ಅದಕ್ಕೇನೋ ಇಂಗ್ಲಿಷ್ ಹೆಸರು ಹೇಳಿದಳು, ನೀನು ‘ಬಾಣಂತನ ಮಾಡುವ ಮರ’ ಅಂದೆ. ಮುಂದೆ ಏನಾಗುತ್ತದೆ ಅಂತ ಕೇಳಿದೆ. ಸವಾರೊ ದೊಡ್ಡದಾಗಿ ಬೇರು ಹರಡಿ ನೀರೆಲ್ಲ ಎಳೆದುಕೊಳ್ಳುತ್ತದೆ, ಎಷ್ಟೋ ಸಲ ಮರವೇ ಮೊದಲು ಸಾಯುತ್ತದೆ ಅಂದಳು. "ಕೇಳಿಸಿತಾ, ಬಾಣಂತನ ಮಾಡಿದವಳ ಗತಿ ಇದು" ಅಂತ ನಿನ್ನನ್ನು ತಿವಿದೆ. ಮೂವರೂ ನಕ್ಕೆವು.

ಆ ನಗುವಲ್ಲೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪಾರ್ಕಿಂಗ್‌ಗೆ ನಡೆಯುವಾಗ ನನ್ನ ಬಾಯಿ ತಡೆಯಲಿಲ್ಲ. "ಊರಲ್ಲಿ ಅಷ್ಟು ಹಸಿರು ಬಿಟ್ಟು ಈ ಮುಳ್ಳಿನ ಮಧ್ಯೆ ಮಗು ಬೆಳೆಸುತ್ತೀಯಲ್ಲೇ" ಅಂದೆ. ನೀನು ಏನೂ ಹೇಳಲಿಲ್ಲ. ಪಾಪುವಿನ ಸೀಟಿನ ಬೆಲ್ಟ್ ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕಿದೆ. ಮನೆ ತಲುಪುವವರೆಗೂ ಕಾರಿನಲ್ಲಿ ಮಾತಿಲ್ಲ. ರಾತ್ರಿ ಊಟಕ್ಕೆ ನನಗಿಷ್ಟ ಅಂತ ಅಕ್ಕಿ ರೊಟ್ಟಿ ತಟ್ಟಿದೆ. ಅದು ಇನ್ನೂ ಜಾಸ್ತಿ ಚುಚ್ಚಿತು.

ಹಸಿರು, ಹಸಿರು ಅಂತ ಕುಣಿದೆನಲ್ಲ. 2018ರ ಆಗಸ್ಟ್‌ನಲ್ಲಿ ಇದೇ ಹಸಿರು ಗುಡ್ಡಗಳು ಕುಸಿದು ಬಂದಾಗ ಪರಿಹಾರ ಕೇಂದ್ರದಲ್ಲಿ ಹನ್ನೊಂದು ದಿನ ಮಲಗಿದವಳು ನಾನೇ. ಆಗ ನೀನು ಅಲ್ಲಿಂದ ಅಳುತ್ತಾ ಫೋನ್ ಮಾಡುತ್ತಿದ್ದೆ. ಒಂದು ದಿನವಾದರೂ "ಅಂಥ ಊರಲ್ಲಿ ಯಾಕಿದ್ದೀರಿ" ಅಂತ ನೀನು ಕೇಳಲಿಲ್ಲ.

ಇನ್ನೊಂದು ವಿಷಯ. ಅವತ್ತು ಆ ಹೆಂಗಸಿಗೆ ನನ್ನ ಫೋನಿನಲ್ಲಿ ನಮ್ಮ ಬ್ರಹ್ಮಕಮಲದ ಫೋಟೊ ತೋರಿಸಿದ್ದೆ, ನಿನಗೆ ಗೊತ್ತಿಲ್ಲ, ನೀನು ಪಾಪುವಿಗೆ ಹಾಲು ಕೊಡಲು ಹೋಗಿದ್ದೆ. ನಮ್ಮ ಮನೆಯಲ್ಲೂ ಎಂಥ ಹೂ ಇದೆ ನೋಡು ಅಂತ ಸ್ವಲ್ಪ ಜಂಬ. ಆಕೆ ಕನ್ನಡಕ ಏರಿಸಿ ನೋಡಿ, "ಕ್ಯಾಕ್ಟಸ್!" ಅಂದಳು. ನನಗೆ ಸಿಟ್ಟೇ ಬಂತು. ದೇವರ ಹೂವನ್ನು ಕಳ್ಳಿ ಅನ್ನುತ್ತಾಳಲ್ಲ ಅಂತ ಫೋನ್ ಒಳಗಿಟ್ಟೆ.

ನಿನ್ನೆ ರಾತ್ರಿ ನಮ್ಮ ಬ್ರಹ್ಮಕಮಲ ಅರಳಿತು, ಮೂರು ಮೊಗ್ಗು ಒಟ್ಟಿಗೆ. ಕರೆಂಟ್ ಇಲ್ಲ, ಟಿವಿ ಇಲ್ಲ, ಟಾರ್ಚ್ ಹಿಡಿದು ಅದರ ಮುಂದೆಯೇ ಕೂತೆ. ಇಪ್ಪತ್ತು ವರ್ಷದಿಂದ ಇರುವ ಗಿಡವನ್ನು ಮೊದಲ ಸಲ ಸರಿಯಾಗಿ ನೋಡಿದೆ ಕಣೇ. ಅದಕ್ಕೆ ಎಲೆಯೇ ಇಲ್ಲ! ನಾವು ಎಲೆ ಅನ್ನುವುದು ಚಪ್ಪಟೆಯಾದ ಕಾಂಡ. ಅದಕ್ಕೇ ಮೊಗ್ಗು ಅದರ ಅಂಚಿನ ಕಚ್ಚಿನಿಂದ ಹೊರಡುವುದು. ಒಂದು ತುಂಡು ಮಣ್ಣಿಗೆ ಚುಚ್ಚಿದರೆ ಚಿಗುರುವುದೂ ಅದಕ್ಕೇ. ಇದು ಮರುಭೂಮಿಯದ್ದಲ್ಲ, ಮೆಕ್ಸಿಕೊ ಕಡೆಯ ಮಳೆಕಾಡಿನಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ. ಆದ್ದರಿಂದ ನಮ್ಮ ಮಳೆಗೆ ಕೊಳೆಯುವುದಿಲ್ಲ. ತಮಾಷೆ ಅಂದರೆ ಗದ್ದೆ ಬದಿಯಲ್ಲಿ ನಾವು ಕಳ್ಳಿ ಅನ್ನುತ್ತೇವಲ್ಲ, ಮುರಿದರೆ ಹಾಲು ಬರುವುದು, ಅದು ಆ ಕುಲಕ್ಕೇ ಸೇರಿದ್ದಲ್ಲವಂತೆ. ಕಳ್ಳಿ ಅಂದುಕೊಂಡದ್ದು ಬೇರೆ, ದೇವರ ಹೂ ಅಂದುಕೊಂಡದ್ದು ಕಳ್ಳಿ. ಸವಾರೊ ಹೂವೂ ರಾತ್ರಿಯೇ ಬಿರಿದು, ಬಾವಲಿ ಬಂದು ಮಕರಂದ ಕುಡಿಯುತ್ತದೆ ಅಂದಿದ್ದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದೂ ಬಾಡುತ್ತದಂತೆ.

ಹತ್ತು ಗಂಟೆಗೆ ದಳ ಪೂರ್ತಿ ಬಿಚ್ಚಿತು. ನಿನಗೆ ಆಗ ಬೆಳಗ್ಗೆ ಒಂಬತ್ತೂವರೆ, ಪಾಪುವಿಗೆ ಸೆರಿ ತಿನ್ನಿಸುವ ಹೊತ್ತು. ಎರಚಲು ಬಡಿಯುತ್ತಿತ್ತು. ನಿಮ್ಮಪ್ಪ ಕೊಡೆ ತಂದು ಹೂವಿಗೆ ಹಿಡಿದರು, ನನಗಲ್ಲ.

ಅಲ್ಲಿ ಬಿಸಿಲು ಹೇಗಿದೆ? 2023ರ ಜುಲೈ ಕಥೆ ನೀನು ಹೇಳಿದ್ದು ಮರೆತಿಲ್ಲ. ಒಂದೇ ಸಮನೆ 31 ದಿನ 43 ಡಿಗ್ರಿ ದಾಟಿ, ಆ ತೋಟದಲ್ಲೇ ಸವಾರೊಗಳು ಉರುಳಿದ್ದು. ಕಳ್ಳಿ ಉಸಿರಾಡುವುದು ರಾತ್ರಿ ತಂಪಿನಲ್ಲಿ, ರಾತ್ರಿಯೂ ತಂಪಾಗದಿದ್ದರೆ ಅದಕ್ಕೂ ಉಸಿರುಗಟ್ಟುತ್ತದೆ. ಮಧ್ಯಾಹ್ನ ಪಾಪುವನ್ನು ಹೊರಗೆ ಕರೆದುಕೊಂಡು ಹೋಗಬೇಡ. ಬೇಸಿಗೆಯಲ್ಲಿ ರಾತ್ರಿ ಟಾರ್ಚ್ ಹಿಡಿದು ತೋಟ ಸುತ್ತಲು ಬಿಡುತ್ತಾರೆ ಅಂದಿದ್ದೆಯಲ್ಲ, ಅದಕ್ಕೆ ಹೋಗು. ಆ ಪಾಲೋ ವರ್ಡೆ ಬುಡದ ಮರಿ ಇದೆಯಾ ನೋಡು. ಪಾಪುವನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೊ ತೆಗೆ. ವರ್ಷಕ್ಕೊಂದು ತೆಗೆಯುತ್ತಾ ಹೋಗು, ಯಾರು ಎಷ್ಟು ಬೆಳೆದರು ನೋಡೋಣ.

ಮುಂದಿನ ವಾರ ಆಟಿ ಹದಿನೆಂಟು. ಮದ್ದು ಸೊಪ್ಪು ಕೊಯ್ದು ಪಾಯಸ ಮಾಡುತ್ತೇನೆ, ಆ ನೇರಳೆ ಬಣ್ಣ ನೋಡಿದರೆ ನಿನ್ನ ಬಾಯಲ್ಲಿ ನೀರು ಬರುತ್ತದೆ ಅಂತ ಗೊತ್ತು. ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ಬ್ರಹ್ಮಕಮಲದ ಒಂದು ಎಲೆ, ಅಲ್ಲ ಕಾಂಡ, ಮುರಿದು ಆ ಸತ್ತ ಕಳ್ಳಿಯ ಕುಂಡಕ್ಕೆ ಚುಚ್ಚಿದ್ದೇನೆ. ಜಗಲಿಯ ಅದೇ ಜಾಗದಲ್ಲಿ ಇಟ್ಟಿದ್ದೇನೆ, ಎರಚಲು ಬೀಳಲಿ.

ನಿನ್ನ ಅಮ್ಮ