ಬಾಗಿಲು ಹಾಕುವ ಮುಂಚೆ, ಪುಟ್ಟನಿಗೆ ಮಾವನ ಪತ್ರ

ಚಿ॥ ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದ.

ನೀನು ಅಮೆರಿಕದ ಸಿಟಿಜನ್ ಆದ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಖುಷಿಯಾಯಿತು. ಅದೇ ಉಸಿರಿನಲ್ಲಿ, ಎಲೆಕ್ಷನ್ ವಿಷಯಕ್ಕೆ ಜಗಳವಾಗಿ ನೀನು ಅಕ್ಕನ ನಂಬರ್ ಬ್ಲಾಕ್ ಮಾಡಿದ್ದೀಯ ಅಂತಲೂ ಹೇಳಿದಳು. ಓಟಿನ ಹಕ್ಕು ಬಂದು ಮೂರು ವಾರ ಆಗಿಲ್ಲ, ಆಗಲೇ ಮನೆ ಎರಡು ಮಾಡಿದೆಯಲ್ಲ ಮಾರಾಯ!

"ನಾನೂ ಮಾವನ ಹಾಗೆ ಕನ್ಸರ್ವೇಟಿವ್, ನಾವು ಬಂದಾಯ್ತು, ಇನ್ನು ಬಾಗಿಲು ಹಾಕಲಿ" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರೆದಿದ್ದನ್ನೂ ನೋಡಿದೆ. ಸುಮ್ನೆ ಇರೋಣ ಅಂದುಕೊಂಡಿದ್ದೆ. ಆದರೆ ನನ್ನ ಹೆಸರು ಎಳೆದಿದ್ದೀಯ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕನ್ಸರ್ವೇಟಿವ್ ಆಗಿದ್ದು ಟಿವಿ ನೋಡಿ ಅಲ್ಲ. ತೀರ್ಥಹಳ್ಳಿಯಲ್ಲಿ ನಮ್ಮ ಅಜ್ಜಯ್ಯ ಮಳೆ ಹಿಡಿಯುವ ಮುಂಚೆ ಸೌದೆ ಒಟ್ಟುತ್ತಿದ್ದರು. ಇಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹಿಮ ಬೀಳುವ ಮುಂಚೆ ನಾನು ಒಟ್ಟುತ್ತೇನೆ. ಇಲ್ಲಿ ಸೌದೆ ಅಳೆಯುವುದು ಕಾರ್ಡ್ ಲೆಕ್ಕದಲ್ಲಿ, ಒಂದು ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ. ನಮ್ಮ ಮನೆಗೆ ನಾಲ್ಕು ಕಾರ್ಡ್ ಬೇಕು. ಈ ವರ್ಷ ಸೀಳಿದ್ದು ಈ ವರ್ಷಕ್ಕಲ್ಲ, ಮುಂದಿನ ಚಳಿಗಾಲಕ್ಕೆ. ಬಂದ ಹೊಸದರಲ್ಲಿ ಇದು ಗೊತ್ತಿಲ್ಲದೆ ಹಸಿ ಮೇಪಲ್ ಸೌದೆ ಒಲೆಗೆ ತುರುಕಿದ್ದೆ. ತುದಿಯಲ್ಲಿ ಬುಸ್ ಅಂತ ನೀರು ಕಾರಿತು, ಮನೆಯೆಲ್ಲ ಹೊಗೆ, ನಿಮ್ಮತ್ತೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಾ ಕೂತಿದ್ದಳು. ಒಂದು ವರ್ಷ ಮುಂಚೆ ಯೋಚನೆ ಮಾಡು, ಸಾಲ ಮಾಡಬೇಡ, ಇರುವುದನ್ನು ಜೋಪಾನ ಮಾಡು. ನನ್ನ ರಾಜಕೀಯ ಹೆಚ್ಚು ಕಡಿಮೆ ಇಷ್ಟೇ.

ಅದಕ್ಕೇ ನನಗೆ ಹಳೇ ಪ್ರೆಸಿಡೆಂಟ್ ಕ್ಯಾಲ್ವಿನ್ ಕೂಲಿಜ್ ಇಷ್ಟ. ನಮ್ಮ ರಾಜ್ಯದವನೇ. ಅವನ ಊರು ಪ್ಲಿಮತ್ ನಾಚ್, ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆ, ಗುಡ್ಡದ ಮಧ್ಯೆ ಬೆರಳೆಣಿಕೆಯಷ್ಟು ಮನೆ. 1923ರ ಆಗಸ್ಟಿನಲ್ಲಿ ಪ್ರೆಸಿಡೆಂಟ್ ಹಾರ್ಡಿಂಗ್ ತೀರಿಕೊಂಡಾಗ ವೈಸ್ ಪ್ರೆಸಿಡೆಂಟ್ ಆಗಿದ್ದ ಈತ ರಜೆಗೆಂದು ಅಪ್ಪನ ಮನೆಗೆ ಬಂದಿದ್ದ. ಮನೆಯಲ್ಲಿ ಫೋನ್ ಇರಲಿಲ್ಲ, ನಡುರಾತ್ರಿ ಜನ ಬಂದು ಸುದ್ದಿ ಮುಟ್ಟಿಸಿದರು. ಅಪ್ಪ ನೋಟರಿ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ರಾತ್ರಿ 2 ಗಂಟೆ 47 ನಿಮಿಷಕ್ಕೆ, ಅಪ್ಪನೇ ಮಗನಿಗೆ ಪ್ರಮಾಣವಚನ ಬೋಧಿಸಿದ. ಆಮೇಲೆ ಪ್ರೆಸಿಡೆಂಟ್ ಸಾಹೇಬರು ಹೋಗಿ ಮಲಗಿಕೊಂಡರು! ಆ ಕೋಣೆಯ ಬಾಗಿಲಲ್ಲಿ ನಿಂತು ದೀಪ ನೋಡಿದಾಗ ನನಗೆ ನಮ್ಮ ಹಳೇ ಮನೆಯ ಜಗಲಿ ನೆನಪಾಯಿತು. ಅವನ ಕಾಲದಲ್ಲಿ ದೇಶದ ಸಾಲ ಇಳಿಯಿತು, ಪ್ರತಿ ವರ್ಷ ಖರ್ಚು ಕಳೆದು ಹಣ ಉಳಿಯಿತು. 1929ರಲ್ಲಿ ಕೆಲಸ ಮುಗಿಸಿ ವಾಪಸ್ ಹೋಗಿದ್ದು ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತಾಂಪ್ಟನ್ ಊರಿನ ಬಾಡಿಗೆ ಮನೆಗೆ, ಅದೂ ಎರಡು ಸಂಸಾರದ ಕಟ್ಟಡದಲ್ಲಿ ಅರ್ಧ ಭಾಗ.

ಈಗ ಅದೇ ಮನುಷ್ಯನ ಇನ್ನೊಂದು ಲೆಕ್ಕ ಕೇಳು. 1924ರ ಮೇ 26ರಂದು ವಲಸೆ ಕಾನೂನಿಗೆ ಸಹಿ ಹಾಕಿದ್ದು ಅವನೇ. ಸಿಟಿಜನ್ ಆಗಲು ಅರ್ಹತೆ ಇಲ್ಲದ ಜನಾಂಗದವರು ವಲಸೆ ಬರುವಂತಿಲ್ಲ ಅಂತ ಅದರಲ್ಲಿತ್ತು. ಅರ್ಹತೆ ಯಾರಿಗಿಲ್ಲ? ಹಿಂದಿನ ವರ್ಷವೇ ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ಭಗತ್ ಸಿಂಗ್ ಥಿಂದ್ ಅನ್ನುವ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು. ನೀವು ಕಾನೂನಿನ ಪ್ರಕಾರ ಬಿಳಿಯರಲ್ಲ, ಸಿಟಿಜನ್ ಆಗುವಂತಿಲ್ಲ ಅಂತ ತೀರ್ಪು ಕೊಟ್ಟರು. ಎರಡನ್ನೂ ಸೇರಿಸಿದರೆ ನಿನ್ನ ಮುಖಕ್ಕೆ, ನನ್ನ ಮುಖಕ್ಕೆ ಬಾಗಿಲು.

ಅದು ಸ್ವಲ್ಪ ತೆರೆದಿದ್ದು 1946ರಲ್ಲಿ. ಕ್ಲೇರ್ ಬೂತ್ ಲೂಸ್ ಅನ್ನುವ ರಿಪಬ್ಲಿಕನ್ ಹೆಂಗಸು, ಇಮ್ಯಾನುಯೆಲ್ ಸೆಲ್ಲರ್ ಅನ್ನುವ ಡೆಮಾಕ್ರಟ್, ಇಬ್ಬರ ಹೆಸರೂ ಆ ಕಾನೂನಿಗೆ ಅಂಟಿಕೊಂಡಿದೆ. ಭಾರತದಿಂದ ವಲಸೆ ಬರಲು ವರ್ಷಕ್ಕೆ 100 ಜನಕ್ಕೆ ಅವಕಾಶ. ಇಡೀ ಭಾರತಕ್ಕೆ! ನಮ್ಮೂರ ಮದುವೆಯಲ್ಲಿ ಮೊದಲ ಪಂಕ್ತಿಗೇ ಅದಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಆಮೇಲೆ ಆ ಹಳೇ ಕೋಟಾ ತೆಗೆದುಹಾಕಿದ 1965ರ ವಲಸೆ ಕಾನೂನು ಬಂತು, ಅದರ ದೆಸೆಯಿಂದ ನಾನು ಬಂದೆ, ನೀನು ಬಂದೆ.

ಗಡಿಯಲ್ಲಿ ಶಿಸ್ತು ಇರಬೇಕು ಅಂತ ನಾನೂ ಹೇಳುತ್ತೇನೆ, ಓಟನ್ನೂ ಹಾಗೇ ಹಾಕುತ್ತೇನೆ. ಆದರೆ ನೀನು ಗ್ರೂಪಿನಲ್ಲಿ ಬರೆದ ಮಾತನ್ನು ನೂರು ವರ್ಷದ ಹಿಂದೆ ಯಾರೋ ನಮ್ಮ ಬಗ್ಗೆಯೇ ಆಡಿದ್ದರು ಅಂತ ಗೊತ್ತಿಟ್ಟುಕೊಂಡು ಬರಿ. ಕೂಲಿಜ್ ಫೋಟೋ ನನ್ನ ಮೇಜಿನ ಮೇಲೆ ಇನ್ನೂ ಇದೆ, ತೆಗೆದಿಲ್ಲ. ನಿಮ್ಮತ್ತೆ ಆಗಾಗ ಅದನ್ನು ಗೋಡೆ ಕಡೆಗೆ ತಿರುಗಿಸಿಡುತ್ತಾಳೆ, ನಾನು ಮತ್ತೆ ಈ ಕಡೆ ತಿರುಗಿಸುತ್ತೇನೆ. ಇಬ್ಬರಿಗೂ ಅನ್ನ ಒಂದೇ ಕುಕ್ಕರಿನಲ್ಲಿ ಆಗುತ್ತದೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಇಲ್ಲಿ ಮಾರ್ಚ್ ಮೊದಲ ಮಂಗಳವಾರ ಟೌನ್ ಮೀಟಿಂಗ್. ಊರಿನವರೆಲ್ಲ ಸ್ಕೂಲಿನ ಜಿಮ್ಮಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ರಸ್ತೆಗೆಷ್ಟು, ಲೈಬ್ರರಿಗೆಷ್ಟು ಅಂತ ಬಾಯಲ್ಲೇ ಕೂಗಿ ತೀರ್ಮಾನ ಮಾಡುತ್ತಾರೆ. ಒಂದು ವರ್ಷ ಹಿಮ ಬಳಿಯುವ ಹೊಸ ಲಾರಿ ಬೇಡ, ತೆರಿಗೆ ಜಾಸ್ತಿಯಾಗುತ್ತದೆ ಅಂತ ನಾನು ಎದ್ದು ನಿಂತು ಭಾಷಣ ಮಾಡಿದೆ. ಗೆದ್ದೆ ಕೂಡ. ಮುಂದಿನ ಜನವರಿಯಲ್ಲಿ ಹಳೇ ಲಾರಿ ನಮ್ಮ ರಸ್ತೆಯ ತಿರುವಿನಲ್ಲೇ ಕೆಟ್ಟು ನಿಂತಿತು. ಒಂದೂವರೆ ದಿನ ಮನೆಯೊಳಗೇ. ಕೊನೆಗೆ ಟ್ರ್ಯಾಕ್ಟರ್ ತಂದು ದಾರಿ ಬಿಡಿಸಿದ್ದು ಪಕ್ಕದ ಮನೆಯವನು, ಪ್ರತಿ ಎಲೆಕ್ಷನ್ನಿನಲ್ಲೂ ನನ್ನ ಬೋರ್ಡಿಗೆ ಎದುರಾಗಿ ತನ್ನ ಬೋರ್ಡು ನೆಡುವವನು. ಲಾರಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಿಮ್ಮತ್ತೆ ಅವನಿಗೆ ಬಿಸಿ ಬಿಸಿ ಕಾಫಿ, ಕೋಡುಬಳೆ ಕೊಟ್ಟಳು. ಆ ಮಾರ್ಚ್‌ನಲ್ಲಿ ಲಾರಿಗೆ ಮೊದಲು ಕೈ ಎತ್ತಿದವನು ನಾನೇ.

ಅಕ್ಕನಿಗೆ ಈ ಭಾನುವಾರವೇ ಫೋನ್ ಮಾಡು. ಎಲೆಕ್ಷನ್ ಮಾತು ಎತ್ತಬೇಡ, ಮಗುವಿಗೆ ಹಲ್ಲು ಬಂತಾ ಅಂತ ಕೇಳು. ಕ್ರೆಡಿಟ್ ಕಾರ್ಡಿನ ಬಾಕಿ ಎಷ್ಟಿದೆ ಅಂತ ನನಗೆ ಬರೆದು ತಿಳಿಸು. ದೇಶದ ಸಾಲದ ಬಗ್ಗೆ ಆಮೇಲೆ ಮಾತಾಡೋಣ.

ಮಾರ್ಚ್‌ಗೆ ಇಲ್ಲಿಗೆ ಬಾ. ದಪ್ಪ ಬೂಟು ತಾ. ಮೀಟಿಂಗಿನ ಮಧ್ಯೆ ಊಟಕ್ಕೆ ಎಲ್ಲರೂ ಏನಾದರೂ ಮಾಡಿಕೊಂಡು ಬರುತ್ತಾರೆ, ನಮ್ಮದು ಚಿತ್ರಾನ್ನ. ನೀನು ಈ ಊರಿನ ಓಟುದಾರ ಅಲ್ಲ, ಆದ್ದರಿಂದ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತು ಕೇಳಬೇಕು. ನಿನಗೆ ಅದು ಕಷ್ಟ ಅಂತ ಗೊತ್ತು.

ಇಂತಿ,
ನಿನ್ನ ಮಾವ